ವಾಡೆಯ ನಳದೊಳಗಿನ ಚರ್ಮದ ಬಿಲ್ಲೆ

ಐವತ್ತರ ದಶಕದ ನಡುವಿನಲ್ಲಿ ಬಾಗಲಕೋಟೆಯ ಒಂದು ಹಳೇ ವಾಡೆಯಲ್ಲಿ ನಾವು ಮೂರು ಬಿಡಾರದವರು ಬಾಡಿಗೆಗೆ ಇದ್ದೆವು. ಒಂದರಲ್ಲಿ ಸಾಲಿ ಮಾಸ್ತರರಾಗಿದ್ದ ನನ್ನ ಗಂಡ ಮತ್ತು ನಾನು. ಎದುರಿಗೆ ನನ್ನ ಗೆಳತಿಯ ಸಂಸಾರ. ಮೂಲೆಯ ಕೋಣೆಯಲ್ಲಿ ಒಬ್ಬ ವಿಧವೆ ಅಜ್ಜಿ, ಮಡಿಯೆಂದರೆ ಜೀವ ಬಿಡುವವರು. ಗೆಳತಿ ಎಂದೆನಲ್ಲ, ಈಗಲೂ ಆ ಶಬ್ದ ಬಾಯಿಗೆ ಬಂದರೆ ಮೈ ಉರಿಯುತ್ತದೆ. ಬೇರೆ ಶಬ್ದ ಸಿಗದೆ ಅದನ್ನೇ ಬರೆಯುತ್ತಿದ್ದೇನೆ.

ಅಂಗಳದ ನಳ ಮಾಲಕರ ಅಪ್ಪನ ಕಾಲದ್ದು. ಕಬ್ಬಿಣದ ಪೈಪು ಅಲ್ಲಲ್ಲಿ ಒಡೆದು, ಸೆಣಬು ಸುತ್ತಿ ಬಿಗಿದ ಕಡೆಯೆಲ್ಲ ಜಿನುಗುತ್ತಿತ್ತು. ನೀರು ತಿರುಗಿಸುವ ತೋಟಿ ಎಂದೋ ಮುರಿದುಹೋಗಿ, ಪೈಪಿನ ಬಾಯಿಗೆ ಚಿಂದಿ ಸುತ್ತಿದ ಬೇವಿನ ಗೂಟ ಹೊಡೆದಿದ್ದರು. ದಿನಕ್ಕೆ ಎರಡು ಕೊಡ ಕೆಂಪು ನೀರು ಬಂದರೆ ಪುಣ್ಯ. ಉಳಿದದ್ದಕ್ಕೆಲ್ಲ ಹಿತ್ತಲ ಬಾವಿ. ಹಿಂದಿನ ವರ್ಷ ಆ ಬಾವಿ ಸೇದುತ್ತಿದ್ದಾಗಲೇ ನನ್ನ ಮೊದಲ ಬಸಿರು ಇಳಿದುಹೋಗಿತ್ತು. ಮತ್ತೆ ಬಸಿರಾಗಿ ಮೂರು ತಿಂಗಳಾದಾಗ ದವಾಖಾನೆಯ ನರ್ಸಮ್ಮ ಖಡಾಖಂಡಿತ ಹೇಳಿದರು: "ಇನ್ನ ಹಗ್ಗಾ ಮುಟ್ಟಿದ್ರ ಈ ಕೂಸೂ ಉಳಿಯೂದಿಲ್ಲ ನೋಡವಾ." ಗಂಡ ಬೆಳಿಗ್ಗೆ ನಾಲ್ಕು ಕೊಡ ಸೇದಿಟ್ಟು ಹೋದರೆ ಮಧ್ಯಾಹ್ನಕ್ಕೇ ಖಾಲಿ. ತವರಿಗೆ ಹೋಗೋಣವೆಂದರೆ ತಾಯಿ ಇರಲಿಲ್ಲ. ಹೀಗಾಗಿ ದೀಪಾವಳಿಯ ನಂತರ ಮಾಲಕರು ಹೊಸ ಪೈಪು ಹಾಕಿಸಲು ಒಪ್ಪಿದಾಗ ನನ್ನಷ್ಟು ಕುಣಿದಾಡಿದವರು ಯಾರೂ ಇಲ್ಲ.

ಮಿಸ್ತ್ರಿ ಅಂಗಳ ಅಗೆದು ಹಳೇ ಪೈಪು ಕಿತ್ತ. ಒಳಗೆಲ್ಲ ತುಕ್ಕು ಕಟ್ಟಿ ಕಿರುಬೆರಳು ಹೋಗುವಷ್ಟೇ ತೂತು ಉಳಿದಿತ್ತು. ಅಜ್ಜಿ ದೂರ ನಿಂತು ಒಂದೇ ಕರಾರು ಹಾಕಿದರು: "ತೋಟಿಯೊಳಗ ಚರ್ಮ ಇರಬಾರದಪ್ಪಾ. ಇದ್ರ ಹೇಳಿಬಿಡು, ನನ್ನ ದೇವರಿಗೆ ಆ ನೀರು ನಡಿಯೂದಿಲ್ಲ."

ತೋಟಿ ಕೂಡಿಸುವ ಹೊತ್ತಿಗೆ ಅವರು ಪೂಜೆಗೆ ಒಳಗೆ ಹೋಗಿದ್ದರು. ಮಿಸ್ತ್ರಿ ತಲೆ ಕೆರೆದುಕೊಂಡ. "ಅಕ್ಕಾರ, ಚರ್ಮದ ಬಿಲ್ಲಿ ಇಲ್ದ ನೀರು ನಿಲ್ಲೂದಿಲ್ರಿ. ರಬ್ಬರಿಂದು ಹುಬ್ಬಳ್ಳಿಯಿಂದ ಬರಬೇಕು, ಯಾವಾಗ ಬರತೈತೋ ಏನೋ. ಅಲ್ಲೀತನಾ ಪೈಪಿನ ಬಾಯಿ ಮುಚ್ಚಿ ಹೋಗ್ತೇನ್ರಿ."

ಗೆಳತಿಯೇ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಹಾಕಿಸಿಬಿಡ. ಒಳಗ ಇರೂದು ಯಾರ ಕಣ್ಣಿಗೆ ಕಾಣತದ? ನಿನ್ನ ಹೊಟ್ಟ್ಯಾಗಿನ ಕೂಸಿಗಿಂತ ಅದು ಹೆಚ್ಚೇನು? ನಾಳೆ ಯಾರರೆ ಕೇಳಿದ್ರ, ಇಬ್ಬರೂ ಕೂಡಿ ಹಾಕಿಸೇವಿ ಅಂತ ನಾ ಹೇಳ್ತೇನಿ." ನಾನು ಮಿಸ್ತ್ರಿಗೆ ಹೂಂ ಎಂದೆ.

"ಚರ್ಮ ಇಲ್ಲಲಾ?" ಎಂದು ಅಜ್ಜಿ ಬಂದು ಕೇಳಿದಾಗ "ಇಲ್ರೀ" ಎಂದವಳೂ ನಾನೇ. ಅಂದಿನಿಂದ ಅವರು ಆ ನೀರಿನಿಂದಲೇ ದೇವರಿಗೆ ಅಭಿಷೇಕ ಮಾಡಿದರು, ಆ ತೀರ್ಥವನ್ನೇ "ಬಸರಿ ಹೆಂಗಸು, ತೊಗೋ" ಎಂದು ನನ್ನ ಅಂಗೈಗೆ ಹಾಕಿದರು. ತಾಯಿ ಇಲ್ಲದವಳೆಂದು ನನ್ನ ಐದನೇ ತಿಂಗಳ ಕುಬುಸದ ಶಾಸ್ತ್ರಕ್ಕೆ ಅಡಿಗೆ ಮಾಡಿದವರೂ ಅವರೇ. ಆ ತೀರ್ಥ ಕುಡಿಯುವಾಗಲೆಲ್ಲ ತೋಟಿಯೊಳಗಿನ ಬಿಲ್ಲೆ ನೆನಪಾಗುತ್ತಿತ್ತು. ಆದರೆ ಹೊಟ್ಟೆಯಲ್ಲಿ ಕೂಸು ಮಿಸುಕಾಡಿದರೆ ಎಲ್ಲ ಮರೆತುಬಿಡುತ್ತಿದ್ದೆ.

ಮಾಘದಲ್ಲಿ ತೋಟಿ ತೊಟ್ಟಿಕ್ಕತೊಡಗಿತು. ಈ ಸಲ ಬಂದವನು ಬೇರೆ ಮಿಸ್ತ್ರಿ. ಅವನಿಗೇನು ಗೊತ್ತು ನಮ್ಮ ಗುಟ್ಟು? ತೋಟಿ ಬಿಚ್ಚಿ, ಕಪ್ಪಗೆ ಉಬ್ಬಿದ ಬಿಲ್ಲೆಯನ್ನು ಅಜ್ಜಿಯ ಮುಂದೆಯೇ ಎತ್ತಿ ಹಿಡಿದ. "ಚರ್ಮ ಕೊಳತೈತ್ರಿ, ಬ್ಯಾರೆದ್ದು ಹಾಕ್ತೇನಿ."

ಅಜ್ಜಿ ಬಿಳುಚಿಕೊಂಡರು. "ಯಾರು ಹಾಕಿಸಿದ್ರು ಇದನ್ನ?"

ನಾನು ಗೆಳತಿಯ ಮುಖ ನೋಡಿದೆ. ಹೇಳುತ್ತಾಳೆ, ಈಗ ಹೇಳುತ್ತಾಳೆ. ಅವಳು ಗಲ್ಲಕ್ಕೆ ಕೈ ಹಚ್ಚಿದಳು: "ಅಯ್ಯ ರಾಮಾ! ನನಗೇನ ಗೊತ್ರೀ? ಅವತ್ತ ಮಿಸ್ತ್ರಿ ಮುಂದ ನಿಂತಾಕಿ ಇಕಿ! ಎಂಥಾ ಗಟ್ಟಿ ಎದಿ ಅದ ನೋಡ್ರಿ ಇಕಿದು!"

ಅಬ್ಬಾ, ಆ ನಾಲಿಗೆಯೇ! ಬೈಯಬೇಕಿತ್ತು, ಜಡೆ ಹಿಡಿದು ಜಗ್ಗಬೇಕಿತ್ತು. ಕಂಬಕ್ಕೆ ಆನಿಕೊಂಡು ನಿಂತುಬಿಟ್ಟೆ.

ಅಜ್ಜಿ ನನ್ನನ್ನು ಬೈಯಲಿಲ್ಲ. "ಒಂದ ಮಾತು ನನಗ ಹೇಳಿದ್ರ ನಾ ಬಾವಿ ನೀರು ಕುಡದು ಇರ್ತಿದ್ದೆನಲ್ಲವಾ. ನಳಾ ನಿನಗ ಬಿಡ್ತಿದ್ದೆ," ಎಂದರು. ತುಂಬಿಟ್ಟ ನೀರನ್ನೆಲ್ಲ ಚೆಲ್ಲಿದರು.

ಮಿಸ್ತ್ರಿ ಹೊಸ ಚರ್ಮ ಹಾಕಿ ಹೋದ. ಅಜ್ಜಿ ಮಹಾಕೂಟ ಕ್ಷೇತ್ರಕ್ಕೆ ಹೋಗಿ, ಮೈಲಿಗೆ ಕಳೆಯಲು ಹೊಂಡದಲ್ಲಿ ಮುಳುಗಿ ಬಂದರು. ಮತ್ತೆ ನಳದ ಹತ್ತಿರ ಸುಳಿಯಲಿಲ್ಲ. ಹಗ್ಗ ಜಗ್ಗುವ ವಯಸ್ಸೂ ಅವರದಲ್ಲ. ಬಾವಿ ನೀರು ಸೇದಿಕೊಟ್ಟವರು ಯಾರು ಹೇಳಿ? ನನ್ನ ಗೆಳತಿ! ದಿನಾ ಒದ್ದೆ ಸೀರೆಯಲ್ಲಿ ಎರಡು ಕೊಡ ಅವರ ಹೊಸ್ತಿಲಲ್ಲಿಟ್ಟು, ಆಮೇಲೆ ತನ್ನ ಮನೆಗೆ ನಳದಿಂದ ತುಂಬಿಕೊಳ್ಳುವಳು. "ಭಾಳ ಪುಣ್ಯವಂತಿ" ಎಂದು ಅಜ್ಜಿ ಬಾಯಿತುಂಬ ಹೊಗಳುವುದು ನನ್ನ ಕೋಣೆಗೆ ಕೇಳುತ್ತಿತ್ತು.

ವೈಶಾಖದಲ್ಲಿ ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿ. ತೊಟ್ಟಿಲಿಗೆ ಹಾಕುವ ದಿನ ಅಜ್ಜಿ ಬಂದು ಕೂಸನ್ನು ಎತ್ತಿ ಮುದ್ದಾಡಿದರು. ಬಿಸಿಲಿಗೆ ಅವರ ತುಟಿ ಒಣಗಿತ್ತು. ಗಂಡ ಮಡಿಯಿಂದ ಬಾವಿಯಲ್ಲೇ ಸೇದಿ ತಂದ ನೀರನ್ನು ಮುಂದಿಟ್ಟೆ.

"ನೀರಡಿಕಿ ಇಲ್ಲ ಬಿಡವಾ," ಎಂದರು.

ಆಗ ಗೆಳತಿ ಎದ್ದುಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟಳು. ಅಜ್ಜಿ ಗಟಗಟ ಕುಡಿದರು. ಅವಳು ಅದನ್ನು ನಳಕ್ಕೆ ಹಿಡಿದು ತುಂಬಿದ್ದನ್ನು ನಾನು ಕಿಟಕಿಯಿಂದ ಕಣ್ಣಾರೆ ಕಂಡಿದ್ದೆ. ಹೇಳಲೆಂದು ಬಾಯಿ ತೆರೆದೆ. ಹೇಳಿದ್ದರೆ ಆ ಮುದಿ ಜೀವಕ್ಕೆ ನಂಬಿ ನೀರು ಇಸಿದುಕೊಳ್ಳಲು ಇಡೀ ವಾಡೆಯಲ್ಲಿ ಒಂದು ಕೈಯೂ ಉಳಿಯುತ್ತಿರಲಿಲ್ಲ. ಕೂಸನ್ನು ತೆಗೆದುಕೊಂಡು ಒಳಗೆ ಹೋದೆ.