ದಾಮೋದರ ಮಯ್ಯರ ಸರ್ವರ್

ದಾಮೋದರ ಮಯ್ಯರ ಅಜ್ಜ ಸಾಲಿಗ್ರಾಮದ ಕಡೆಯ ಊಟದ ಪಂಕ್ತಿಗಳಲ್ಲಿ ಪಾಯಸದ ಸೌಟನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಅಪ್ಪ ಸೀಮೆಯ ಮದುವೆಗಳಿಗೆಲ್ಲ ಅಡುಗೆ ಮಾಡಿಯೂ ಒಂದು ಕರೆಯೋಲೆಯಲ್ಲಿ ತಮ್ಮ ಹೆಸರು ಕಂಡವರಲ್ಲ. ಆ ವಂಶದ ಕುಡಿ ಈಗ ಹಾಲಾಡಿಯ ಸಹಕಾರಿ ಸಂಘವೊಂದರ ಸರ್ವರನ್ನು ಹಾವು ನಿಧಿ ಕಾದ ಹಾಗೆ ಕಾಯುತ್ತಿದೆ. ಕೌಂಟರಿನವರೆಲ್ಲ 'ದಾಮೋದರ' ಎಂಬ ಒಂದೇ ಹೆಸರಿನಲ್ಲಿ ಲಾಗಿನ್ ಆಗಬೇಕೆಂಬುದು ಮಯ್ಯರ ಕಟ್ಟಳೆ. ಒಬ್ಬ ಬಳಕೆದಾರನ ಹೆಸರಿನಲ್ಲಿ ಒಮ್ಮೆಗೆ ಇಷ್ಟೇ ಪ್ರೊಸೆಸ್, ಇಷ್ಟೇ ಥ್ರೆಡ್, ಅಂದರೆ ಇಷ್ಟೇ ಕೆಲಸ ಎಂಬುದು ಸರ್ವರಿನ ಕಟ್ಟಳೆ. ಹಾಗಾಗಿ ಜನ ಸೇರಿದ ಹೊತ್ತಿಗೇ ಸರಿಯಾಗಿ ಪರದೆಗಳು ಕಲ್ಲಾಗುತ್ತವೆ. ಮಯ್ಯರು ಪಂಚೆ ಎತ್ತಿ ಕಟ್ಟಿ ಬಂದು, ಪೆಟ್ಟಿಗೆಗೆ ಕಿವಿಯಿಟ್ಟು, "ಮೆಮೊರಿ ಸಾಲ್ತಿಲ್ಲೆ" ಎಂದು ರೋಗ ಹೇಳಿ ಸ್ವಿಚ್ ಆರಿಸುತ್ತಾರೆ. ಎಷ್ಟು ಮೆಮೊರಿ ಹಾಕಿಸಿದರೂ ಸರ್ವರ್ ಅರ್ಧ ಹೊಟ್ಟೆ ಖಾಲಿಯಿಟ್ಟುಕೊಂಡೇ ಮಲಗುತ್ತದೆ. ಇನ್ನೊಮ್ಮೆ ನಿಂತರೆ ಹೊರಗಿನವರಿಗೆ ಸರ್ವರ್ ಒಪ್ಪಿಸುತ್ತೇವೆಂದು ಆಡಳಿತ ಮಂಡಳಿ ಗದರಿಸಿಯೂ ಆಗಿದೆ. ಇವತ್ತು ಮತ್ತೆ ನಿಂತಿತು. "ಹ್ವಾಯ್ ಮಯ್ಯರೇ, ಸರ್ವರ್ ಒಳ್ಗೆ ಜಾಗ ಇತ್ತ್, ತುಂಬಿದ್ದ್ ನಿಮ್ಮ್ ಹೆಸ್ರ್ ಮಾತ್ರ! ನಮ್ಗೆ ಒಂದೊಂದ್ ಬೇರೆ ಹೆಸ್ರ್ ಕೊಡಿ. ಪಾಸ್‌ವರ್ಡ್ ಹೇಳಿ, ನಾನೇ ಮಾಡ್ತೆ" ಎಂದಳು ಗುಮಾಸ್ತೆ ಹರಿಣಾಕ್ಷಿ. ಇನ್ನೂ ನಾಲ್ಕು ಮಾತು ಬಿಗಿಯಬೇಕೆಂದಿದ್ದಳು. ಆದರೆ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಒಂದೊಂದೇ ಪರದೆಯ ಮುಂದೆ ನಿಂತು, 'ಸ್ವಾಗತ, ದಾಮೋದರ' ಎಂಬ ಸಾಲನ್ನು ತುಟಿಯಲ್ಲೇ ಓದಿಕೊಳ್ಳುವ ಮಯ್ಯರು ನೆನಪಾಗಿ ಅಷ್ಟಕ್ಕೇ ಬಿಟ್ಟಳು. ಮಯ್ಯರು ಸ್ವಿಚ್ಚಿನ ಮೇಲೆ ಕೈಯಿಟ್ಟರು. "ಬ್ಯಾಡ ಹೆಣೆ, ನೀನ್ ಕೈ ಹಾಕ್ಬೇಡ. ಜಾಗ ಸಿಕ್ದೇ ಇದ್ದವ್ರ್ ಮುಂದಿನ್ ಪಂಕ್ತಿಗ್ ಬರ್ಲಿ, ಹೇಳ್!"