ಏಳು ಕ್ಯಾಲೆಂಡರುಗಳ ಮನೆ

ಅಣ್ಣಾರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ನೋಡಿದರೆ ಒಂದೇ ಬೆರಳಿಗೆ ಎರಡು ಉಗುರು ಬೆಳೆದಂತೆ ಕಾಣುತ್ತಿತ್ತು. ಹರೆಯದಲ್ಲಿ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಫರ್ಶಿ ಹಾಸುಗಲ್ಲು ಎಬ್ಬಿಸುವಾಗ ಚಪ್ಪಡಿಯೊಂದು ಜಾರಿ ಬಿದ್ದು ಹಾಗಾಗಿತ್ತಂತೆ. ಆ ಸೀಳು ಉಗುರಿನಿಂದ ಅವರು ಎದುರಿಗೆ ಸಿಕ್ಕಿದ್ದನ್ನೆಲ್ಲ ಟಕ್ ಟಕ್ ಎಂದು ಬಡಿದು ನೋಡುತ್ತಿದ್ದರು. ಸಂತೆಯಲ್ಲಿ ಮಡಕೆ, ಕಲ್ಲಂಗಡಿ, ಯಾರದೋ ಮನೆಯ ಬಾಗಿಲು. ಒಮ್ಮೆ ನಮ್ಮ ಮನೆಯವರ ತಲೆಯನ್ನೂ ಬಡಿದು, "ಟೊಳ್ಳ ಅದ ತಂಗಿ, ಮದ್ವಿಕಿಂತ ಮೊದ್ಲ ನೋಡ್ಬೇಕಿತ್ತು ನೀ" ಎಂದಿದ್ದರು.

ವಾಡಿಯ ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇಪ್ಪತ್ತೆರಡು ವರ್ಷ ಅವರದೂ ನಮ್ಮದೂ ಒಂದೇ ಗೋಡೆ. ನಮ್ಮ ಮನೆಯವರಿಗಿಂತ ಆರು ವರ್ಷ ದೊಡ್ಡವರು. ನಾವು ಅಣ್ಣಾರು ಎನ್ನುತ್ತಿದ್ದೆವು, ಅವರ ಹೆಂಡತಿಗೆ ವೈನಿ.

ಮೊನ್ನೆ ನಮ್ಮ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಏನೆಂದು ಹೇಳಲಿ, ಸಂತೋಷ ಗಂಟಲ ತನಕ ಬಂದು ನಿಂತಿದೆ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೂಸಿನ ಮುಖ ತೋರಿಸುತ್ತೇನೆ. ಮಗಳು ಬೈಯುತ್ತಾಳೆ, "ಯವ್ವಾ, ತರಕಾರಿ ಮಾರಾಂವಂಗೂ ತೋರಿಸ್ತೀ ಏನು?" ತೋರಿಸಿದ್ದೇನೆ, ಆತ ಒಂದು ನಿಂಬೆಹಣ್ಣು ಕೊಟ್ಟು ಹೋದ. ಈ ಸಂತೋಷವನ್ನು ಎಲ್ಲಾದರೂ ಇಳಿಸಬೇಕೆಂದು ಹಾಳೆ ಹಿಡಿದು ಕುಳಿತೆ. ಬರೆಯಲು ಹೋದರೆ ಕೂಸು ಬರುವುದಿಲ್ಲ, ಅಣ್ಣಾರು ಬರುತ್ತಾರೆ. ನಾಲ್ಕನೇ ಇಯತ್ತೆಯವರೆಗೆ ಓದಿದವಳ ಅಕ್ಷರ ನನ್ನದು, ತಿದ್ದಿ ಓದಿಕೊಳ್ಳಿ.

ಕ್ವಾರ್ಟರ್ಸಿನ ಬದುಕು ಒಂದು ತರಹದ್ದು. ಬಲ್ಬು ಹೋದರೆ ಕಂಪನಿಯವರು ಬಂದು ಹಾಕುತ್ತಾರೆ. ನಳ ಸೋರಿದರೆ ಚೀಟಿ ಬರೆದು ಕೊಟ್ಟರೆ ಸಾಕು. ಮನೆ ಎಂದರೆ ಏನು, ಅದಕ್ಕೆ ಏನೇನು ರೋಗ ಬರುತ್ತವೆ ಎಂಬುದು ನಮಗೆ ಯಾರಿಗೂ ಗೊತ್ತಿಲ್ಲ. ರಿಟೈರ್ ಆದ ಮೇಲೆ ಕೆಲವೇ ತಿಂಗಳಲ್ಲಿ ಕೀಲಿ ಒಪ್ಪಿಸಿ ಹೊರಗೆ ಬರಬೇಕು. ಐವತ್ತು ದಾಟಿದ ಗಂಡಸರು ಕಟ್ಟೆಯ ಮೇಲೆ ಕುಳಿತರೆ ಅದೇ ಮಾತು, ಎಲ್ಲಿ ಹೋಗೋದು, ರೊಕ್ಕ ಕೊಟ್ಟು ತಗೊಳ್ಳೋದೋ, ಸಾಲ ಮಾಡೋದೋ.

ಅಣ್ಣಾರು ರಿಟೈರ್ ಆದಾಗ ಬಂದ ರೊಕ್ಕವನ್ನೆಲ್ಲ ಒಮ್ಮೆಗೇ ಕೊಟ್ಟು ಶಹಾಬಾದಿನ ಹೊರಗೆ ಮನೆ ತಗೊಂಡರು. ಕಾಲೊನಿಯ ತುಂಬ ಪೇಢೆ ಹಂಚಿದರು. "ಒಂದ್ ಪೈಸಾ ಸಾಲ ಇಲ್ಲ ನೋಡ್ರಿ. ಯಾರಪ್ಪಂದೂ ಹಂಗಿಲ್ಲ. ಇನ್ನ ರಾಜನಂಗ ಮಲಗ್ತೀನಿ" ಎಂದರು. ಅವತ್ತಿನಿಂದ ಕಾಲೊನಿಯಲ್ಲಿ ಅದೇ ಕಾನೂನಾಯಿತು. ತಗೊಂಡರೆ ಅಣ್ಣಾರಂತೆ ತಗೋಬೇಕು. ನಮ್ಮ ಮನೆಯವರಂತೂ ಆರು ವರ್ಷ ಅದನ್ನೇ ಜಪ ಮಾಡಿದರು.

ಆಗೊಮ್ಮೆ ಈಗೊಮ್ಮೆ ಅವರ ಹೊಸ ಮನೆಗೆ ಹೋಗುತ್ತಿದ್ದೆವು. ಪಡಸಾಲೆಯಲ್ಲಿ, ಒಳಕೋಣೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ, ಎಲ್ಲಿ ನೋಡಿದರೂ ಕ್ಯಾಲೆಂಡರು. ಒಂದು ಸಲ ಎಣಿಸಿದೆ, ಏಳಿದ್ದವು. ಎರಡು ಹೋದ ವರ್ಷದವು.

"ಅಣ್ಣಾ, ಒಂದೊಂದ್ ಖೋಲ್ಯಾಗ ಒಂದೊಂದ್ ದಿನ ನಡಿತದೇನ್ರಿ?" ಎಂದು ನಮ್ಮವರು ನಗೆಯಾಡಿದರು.

"ಪುಕಟ್ ಕೊಡ್ತಾರ ತಮ್ಮಾ. ಪುಕಟ್ ಬಂದದ್ದು ಯಾರ್ ಬಿಡ್ತಾರ?"

ವೈನಿ ನಗಲಿಲ್ಲ. ಚಹಾ ಸೋಸುವುದರಲ್ಲಿ ಮುಳುಗಿದ್ದರು.

ನಮ್ಮವರ ಸರದಿಯೂ ಬಂತು. ರಿಟೈರ್ ಆದ ತಿಂಗಳಲ್ಲೇ ಒಬ್ಬ ದಲ್ಲಾಳಿ ಬಂದು, ಅಣ್ಣಾರ ಬಾಜೂಕಿನ ಮನೆಯೇ ಮಾರಾಟಕ್ಕಿದೆ ಎಂದ. ನಮ್ಮವರು ಕುಣಿದಾಡುವುದೊಂದೇ ಬಾಕಿ. ಇದ್ದ ರೊಕ್ಕವೆಲ್ಲ ಹೋಗುತ್ತಿತ್ತು, ಕೈಯಲ್ಲಿ ಬಸ್ಸಿನ ಟಿಕೇಟಿನಷ್ಟೂ ಉಳಿಯುತ್ತಿರಲಿಲ್ಲ. ಆದರೇನು, ಮತ್ತೆ ಒಂದೇ ಗೋಡೆ! ನಾಳೆ ರೊಕ್ಕ ಕೊಡುವುದೆಂದರೆ ಇವತ್ತು ಪೇಢೆ ಕಟ್ಟಿಸಿಕೊಂಡು ಅಣ್ಣಾರ ಮನೆಗೆ ಹೋದೆವು.

ವೈನಿಯ ಕಣ್ಣಲ್ಲಿ ನೀರೇ ಬಂತು. "ಬಾ ಯವ್ವಾ ಬಾ. ಇಲ್ಲಿ ಮಾತಾಡ್ಲಿಕ್ಕ ಒಂದ್ ಮಂದಿ ಇಲ್ಲ ನನಗ" ಎಂದು ನನ್ನ ಕೈ ಹಿಡಿದರು.

ಅಣ್ಣಾರು ಪೇಢೆ ಬಾಯಿಗೆ ಹಾಕಲಿಲ್ಲ. ಸೀಳು ಉಗುರಿನ ಕೈಯಲ್ಲಿ ಅದನ್ನು ಹಿಡಿದುಕೊಂಡೇ ಕುಳಿತರು.

"ಬಡ್ದು ನೋಡ್ದ್ಯೇನು ತಮ್ಮಾ?"

"ನಿಮ್ ಬಾಜೂಕಿನ ಮನಿ ಅಣ್ಣಾ. ನೀವೇ ಇರ್ಲಿಕತ್ತೀರಿ ಇಲ್ಲಿ. ಬಡ್ಯೂದೇನದ?"

ಆ ಮಾತಿಗೆ ಅವರ ಮುಖ ಹೇಗಾಯಿತೆಂದು ಈಗಲೂ ನನಗೆ ಕಾಣುತ್ತದೆ. ಪೇಢೆಯನ್ನು ಡಬ್ಬಿಯಲ್ಲಿ ವಾಪಸು ಇಟ್ಟರು. ಎದ್ದರು. ವೈನಿ, "ಬ್ಯಾಡ್ರಿ... ನನ್ನಾಣೆ, ಬ್ಯಾಡ್ರಿ" ಎಂದರು. ಅಣ್ಣಾರು ಪಡಸಾಲೆಯ ಮೊದಲನೇ ಕ್ಯಾಲೆಂಡರು ಇಳಿಸಿದರು.

ಹಿಂದೆ ಗೋಡೆ ಸೀಳಿತ್ತು, ಬೆರಳು ಹೋಗುವಷ್ಟು. ಸೀಳಿನ ಮೇಲೆ ಅಡ್ಡಡ್ಡವಾಗಿ ಸಣ್ಣ ಗಾಜಿನ ಚೂರುಗಳನ್ನು ಸಿಮೆಂಟ್ ಹಚ್ಚಿ ಕೂಡಿಸಿದ್ದರು. ಪ್ರತಿ ಗಾಜಿನ ಬದಿಗೆ ಪೆನ್ಸಿಲಿನಿಂದ ತಾರೀಖು. ಗೋಡೆ ಸರಿದರೆ ಗಾಜು ಒಡೆಯುತ್ತದೆ, ಎಷ್ಟು ದಿನಕ್ಕೆ ಒಡೆಯಿತೆಂದು ಗೊತ್ತಾಗುತ್ತದೆ. ಎಲ್ಲ ಒಡೆದಿದ್ದವು. ಎರಡನೇ ಕ್ಯಾಲೆಂಡರು ಇಳಿಸಿದರು. ಮೂರನೆಯದು. ಏಳೂ ಇಳಿದ ಮೇಲೆ ಆ ಮನೆ ಬಟ್ಟೆ ಕಳಚಿದ ಮನುಷ್ಯನಂತೆ ನಿಂತಿತ್ತು. ನಾನು ತಲೆ ತಗ್ಗಿಸಿದೆ.

"ಈ ಲೈನಿನ ಕೆಳಗ ಹಳೀ ಖಣಿ ಅದ ತಂಗಿ" ಎಂದರು. "ಚೂರು ಕಲ್ಲು, ಮಣ್ಣು ತುಂಬಿ ಮ್ಯಾಲ ಪ್ಲಾಟ್ ಹಾಕ್ಯಾರ. ಮಳಿ ಬಂದಾಗೊಮ್ಮೆ ಕೆಳಗ ಕುಂದರ್ತದ. ನಾ ಖಣ್ಯಾಗ ಕೆಲಸ ಮಾಡಿದಾಂವ. ಫರ್ಶಿ ಬಡ್ದಿದ್ರ ಅವತ್ತೇ ತಿಳೀತಿತ್ತು."

"ಮತ್ತ ಯಾಕ ಬಡೀಲಿಲ್ಲ ಅಣ್ಣಾ?"

"ಮಾರಿದಾಂವ ನನ್ ಗೆಳ್ಯಾ. ಹದಿನೆಂಟು ವರ್ಷ ಬಾಜೂಕ ಕುಂತು ರೊಟ್ಟಿ ತಿಂದಾಂವ. ಅವನ ಮುಂದ ಅವನ ಮನಿ ಬಡೀಬೇಕಾ? ನಾಚ್ಕಿ ಬಂತು."

ಆಮೇಲೆ ನಮ್ಮವರು ಸಣ್ಣ ದನಿಯಲ್ಲಿ, ಸಾಲವೆಂದರೆ ತನಗೆ ಅಂಜಿಕೆ, ಈ ವಯಸ್ಸಿನಲ್ಲಿ ಕಂತು ಕಟ್ಟುವುದೆಂದರೆ ಎದೆ ಒಡೆಯುತ್ತದೆ ಎಂದರು.

"ಅಂಜು. ಅಂಜಿಕೊಂತೇ ಮಾಡು" ಎಂದರು ಅಣ್ಣಾರು. "ಕ್ಯಾಷ್ ಕೊಡಾಂವಂಗ ಯಾರೂ ಏನೂ ಕೇಳೂದಿಲ್ಲ ತಮ್ಮಾ, ಎಣಿಸಿಕೊಂಡು ಹೋಗ್ತಾರ. ಸಾಲ ಕೇಳಿ ನೋಡು, ವಕೀಲ ಬರ್ತಾನ, ಇಂಜಿನಿಯರ್ ಬರ್ತಾನ, ಅಜ್ಜನ ಕಾಲದ ಕಾಗದ ತಾ ಅಂತಾರ. ಬ್ಯಾಂಕಿನವ್ರು ನಿನ್ನ ನಂಬೂದಿಲ್ಲ, ಮನಿ ನಂಬೂದಿಲ್ಲ, ಮಾರಾಂವನ್ನ ನಂಬೂದಿಲ್ಲ. ನಮಗ ನಾಚ್ಕಿ ಬರ್ತದ, ಅವ್ರಿಗಿ ಬರೂದಿಲ್ಲ. ಅಂಥಾವ್ರು ನಮ್ ಕಡೆ ಬೇಕು. ಅರ್ಧ ರೊಕ್ಕ ಕೊಡು, ಅರ್ಧ ಕೈಯಾಗ ಇಟ್ಕೊ. ನಾ ಇದ್ದದ್ದೆಲ್ಲ ಗ್ವಾಡಿಗಿ ಹಾಕ್ದೆ. ಗ್ವಾಡಿ ಬಿಟ್ಟಾಗ ಮೇಸ್ತ್ರಿಗಿ ಕೊಡ್ಲಿಕ್ಕ ಏನೂ ಇದ್ದಿಲ್ಲ."

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು ಪೇಢೆಯ ಡಬ್ಬಿಯನ್ನು ನನ್ನ ಕೈಗೆ ವಾಪಸು ಕೊಟ್ಟರು.

ಅವತ್ತು ಅವರು ಕಳಕೊಂಡದ್ದು ಬರೀ ನಮ್ಮ ನೆರೆಯನ್ನಲ್ಲ. ನಾವು ಆ ಮನೆ ಬೇಡವೆಂದದ್ದು ಯಾಕೆಂದು ದಲ್ಲಾಳಿಗೆ ತಿಳಿಯಿತು, ಅವನಿಂದ ಆ ಸಾಲಿನ ಮನೆಯವರಿಗೆಲ್ಲ ತಿಳಿಯಿತು. ಅಲ್ಲಿನವರೆಲ್ಲರ ಗೋಡೆಯ ಮೇಲೂ ಏನೇನೋ ತೂಗುಹಾಕಿತ್ತು, ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. "ಮುದುಕನ ಬಾಯಿ ನಮ್ ಮನಿ ರೇಟ್ ಮಣ್ಣಾಗ ಹಾಕ್ತು" ಎಂದು ಅವರ ಬಾಗಿಲ ಮುಂದೆಯೇ ನಿಂತು ಬೈದರಂತೆ. ನಳದ ಹತ್ತಿರ ವೈನಿಯ ಕೊಡವನ್ನು ಹಿಂದೆ ಸರಿಸತೊಡಗಿದರು. ಅಣ್ಣಾರ ಮನೆಯನ್ನಂತೂ ಕೊಳ್ಳಲು ಕೇಳುವವರೇ ಇಲ್ಲವಾದರು. ಅದನ್ನೆಲ್ಲ ಅವರು ನಮಗೆ ಹೇಳಲಿಲ್ಲ. ವೈನಿ ಒಮ್ಮೆ ಫೋನಿನಲ್ಲಿ ಅಂದದ್ದು.

ನಮ್ಮವರ ವಯಸ್ಸಿಗೆ ಒಬ್ಬರಿಗೇ ಸಾಲ ಕೊಡುವುದಿಲ್ಲ ಎಂದರು ಬ್ಯಾಂಕಿನವರು. ಸೇಡಂನ ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು ಜೊತೆಗೆ ಸಹಿ ಹಾಕಿದಳು. ಚಿತ್ತಾಪುರದಲ್ಲಿ ನೋಡಿದ ಮೊದಲ ಮನೆಯ ಕಾಗದಗಳನ್ನು ಬ್ಯಾಂಕಿನ ವಕೀಲರು ಓದಿ, ಮಾರುವವನ ಅಕ್ಕನ ಪಾಲಿನ ಸಹಿ ಇಲ್ಲವೆಂದು ವಾಪಸು ಕಳಿಸಿದರು. "ಹೆಣ್ಣು ನೋಡ್ಲಿಕ್ಕ ಬಂದವ್ರೂ ಇಷ್ಟ್ ಕೆದಕೂದಿಲ್ಲ" ಎಂದು ನಮ್ಮವರು ಗೊಣಗಿದರು. ನಮ್ಮ ಕೈಗೇ ಬಿಟ್ಟಿದ್ದರೆ ರೊಕ್ಕ ಕೊಟ್ಟೇಬಿಡುತ್ತಿದ್ದೆವು.

ಎರಡನೆಯದು ಸೇಡಂನಲ್ಲಿ, ಈಗ ನಾನು ಕುಳಿತು ಬರೆಯುತ್ತಿರುವ ಈ ಮನೆ. ಬ್ಯಾಂಕಿನ ಇಂಜಿನಿಯರು ಬರುವ ದಿನ ಅಣ್ಣಾರು ಹೇಳದೆ ಕೇಳದೆ ಬಸ್ಸಿನಲ್ಲಿ ಬಂದು ಇಳಿದರು. ಇಂಜಿನಿಯರು ಅಳತೆ ಹಿಡಿದು ಮುಂದೆ, ಅಣ್ಣಾರು ಉಗುರು ಬಡಿಯುತ್ತ ಹಿಂದೆ. ಫರ್ಶಿಯ ಮೇಲೆ ಮಂಡಿಯೂರಿ ಕಿವಿ ಇಟ್ಟರು.

"ಏನ್ ಅಂತದ್ರಿ ಕಾಕಾ?" ಇಂಜಿನಿಯರು ನಕ್ಕ.

"ಮೊದ್ಲ ನಿನ್ನ ಕಾಗದ ಏನಂತದ ಹೇಳು."

"ಪಾಯಾ ಚಲೋ ಅದ ಅಂತದ್ರಿ."

"ನನ್ ಉಗುರೂ ಅದನ್ನೇ ಅಂತದ. ಹಂಗಾದ್ರ ಇಬ್ರೂ ಸಾಲಿ ಕಲ್ತೀವಿ ಬಿಡು" ಎಂದು ಎದ್ದು ಮಂಡಿಯ ಧೂಳು ಝಾಡಿಸಿಕೊಂಡರು. ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಗೃಹಪ್ರವೇಶಕ್ಕೆ ಅವರು ತಂದ ಉಡುಗೊರೆ ಒಂದು ಕ್ಯಾಲೆಂಡರು, ಒಂದು ಮೊಳೆ. ತಾವೇ ಹೊಡೆದು ತೂಗುಹಾಕಿದರು. "ಒಂದೇ ಇರ್ಲಿ ತಂಗಿ. ತಿಂಗಳಿಗೊಮ್ಮೆ ಹಾಳಿ ತಿರುವುವಾಗ ಎತ್ತಿ ಹಿಂದ ನೋಡು. ಏನೂ ಇರಬಾರ್ದು" ಎಂದರು.

ಹೋದ ವರ್ಷದ ಮಳೆಗೆ ಅವರ ಒಳಕೋಣೆಯ ಗೋಡೆ ಹೊರಕ್ಕೆ ವಾಲಿತು. ಗಂಡ ಹೆಂಡತಿ ಅಂಗಳದ ತಗಡಿನ ಕೆಳಗೆ ಮಂಚ ಹಾಕಿಕೊಂಡು ಮಲಗತೊಡಗಿದರು. ನಮ್ಮ ಮನೆಗೆ ಬನ್ನಿ ಎಂದು ಕೈ ಮುಗಿದೆ. "ನಾ ಬಂದ್ರ ಅದ್ರ ಗಾಜ್ ನೋಡವ್ರ್ಯಾರು?" ಎಂದರು. ಆ ತಂಪಿನಲ್ಲೇ ಜ್ವರ ಹತ್ತಿತು, ಎದೆಗಿಳಿಯಿತು. ಎಂಟು ದಿನ ಅಷ್ಟೇ, ತೀರಿಕೊಂಡರು.

ನಾವು ಹೋದಾಗ ಅವರನ್ನು ಅಂಗಳದಲ್ಲೇ ಕೂಡಿಸಿದ್ದರು. ಒಳಗೆ ಒಯ್ಯಲು ಅಂಜಿದ್ದರು. ಬೈದ ನೆರೆಯವರೆಲ್ಲ ಬಂದು ಗೋಡೆಗೆ ತಾಗದಂತೆ ದೂರ ನಿಂತಿದ್ದರು. ನಾನು ಒಬ್ಬಳೇ ಒಳಗೆ ಹೋದೆ. ಕ್ಯಾಲೆಂಡರುಗಳನ್ನು ಅವರು ಅವತ್ತಿನ ನಂತರ ಮತ್ತೆ ತೂಗುಹಾಕಿರಲೇ ಇಲ್ಲ. ಪಡಸಾಲೆಯ ಸೀಳಿನ ಮೇಲೆ ಒಂದು ಹೊಸ ಗಾಜು ಕೂಡಿಸಿದ್ದರು. ಪಕ್ಕದ ತಾರೀಖು ಜ್ವರ ಬಂದ ದಿನದ್ದು. ಆ ಒಂದು ಗಾಜು ಒಡೆದಿರಲಿಲ್ಲ.

ವೈನಿ ಈಗ ಚಿಂಚೋಳಿಯಲ್ಲಿ ಮಗಳ ಹತ್ತಿರ ಇದ್ದಾರೆ. ಆ ಮನೆಗೆ ಕೀಲಿ ಬಿದ್ದಿದೆ.

ನಮ್ಮ ಕಂತು ಇನ್ನೂ ನಡೆದಿದೆ. ಮಗಳ ಬಾಣಂತನಕ್ಕೆ ಯಾರ ಮುಂದೆಯೂ ಕೈ ಚಾಚಲಿಲ್ಲ, ಅಣ್ಣಾರು ಇಟ್ಟುಕೋ ಎಂದ ಅರ್ಧ ರೊಕ್ಕ ಕೈಯಲ್ಲಿತ್ತು. ಕೂಸಿನ ತೊಟ್ಟಿಲು ಅಣ್ಣಾರು ಹೊಡೆದ ಮೊಳೆಯ ಕೆಳಗೇ ಕಟ್ಟಿದ್ದೇವೆ, ಈ ವರ್ಷದ ಕ್ಯಾಲೆಂಡರೂ ಅದಕ್ಕೇ ತೂಗುತ್ತಿದೆ. ನಿನ್ನೆ ತಿಂಗಳು ತಿರುಗಿತು. ಹಾಳೆ ತಿರುವಿ, ಎತ್ತಿ ಹಿಂದೆ ನೋಡಿದೆ. ಬಿಳಿ ಗೋಡೆ. ಮೊಮ್ಮಗಳನ್ನು ಎತ್ತಿಕೊಂಡು ಅವಳ ಪುಟ್ಟ ಹೆಬ್ಬೆರಳನ್ನು ಹಿಡಿದು, ಅಣ್ಣಾರು ಬಡಿದ ಜಾಗದಲ್ಲೇ ಗೋಡೆಗೆ ಎರಡು ಸಲ ಬಡಿಸಿದೆ. ಸಪ್ಪಳವೇ ಬರಲಿಲ್ಲ. ಅವಳ ಉಗುರು ಇನ್ನೂ ಅಷ್ಟು ಮೆತ್ತಗಿದೆ.