ಬಾಗದ ಸುರುಳಿ, ಮುಚ್ಚದ ಬಾಯಿ

ನನ್ನ ಸೋದರಮಾವ ಕೆಲಸ ಮಾಡುವಾಗ ಉಸಿರಾಡುವುದಿಲ್ಲ. ಇದನ್ನು ದೂರು ಎಂದೇ ಬರೆಯುತ್ತಿದ್ದೇನೆ. ಚಿಮಟ ಹಿಡಿದು ಗಡಿಯಾರದ ಮೇಲೆ ಬಗ್ಗಿದರೆಂದರೆ ಅವರ ಎದೆ ನಿಂತುಬಿಡುತ್ತದೆ, ಕೆನ್ನೆ ಉಬ್ಬುತ್ತದೆ, ಹಣೆಯ ವಿಭೂತಿಯ ಮೂರು ಗೆರೆ ಎರಡಾಗುವಷ್ಟು ಹುಬ್ಬು ಮೇಲೇರುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಬಂದು "ಸೆಲ್ ಹಾಕ್ತೀರೇನ್ರಿ?" ಎಂದು ಕೇಳಿದರೆ ಉತ್ತರಕ್ಕೆ ಮುಕ್ಕಾಲು ನಿಮಿಷ ಕಾಯಬೇಕು. ಅಷ್ಟರಲ್ಲಿ ಗಿರಾಕಿ ಪಕ್ಕದ ಮೊಬೈಲ್ ಕವರಿನ ಅಂಗಡಿಯವನ ಬಾಯಿಗೆ ಬಿದ್ದು, ಬೇಡದ ಕವರೊಂದನ್ನು ಕೊಂಡು ಮನೆಗೆ ಹೋಗಿರುತ್ತಾನೆ.

ಮಾವನ ಈ ಪರಿಯನ್ನು ನಾನು ಅಚ್ಚುಹಾಕಿದಂತೆ ಮಾಡಿ ತೋರಿಸುತ್ತೇನೆ. ನಾಶಿಕದ ಪಕ್ಕದ ಈ ದೇವಳಾಲಿ ಕ್ಯಾಂಪಿನಲ್ಲಿ ನನ್ನ ಅಣಕಕ್ಕೆ ಸಿಗದ ಮನುಷ್ಯನಿಲ್ಲ. ಬಂಗಾರದ ಬಣ್ಣದ ಗಡಿಯಾರವನ್ನು ಕಿವಿಗೊತ್ತಿ, ವೈದ್ಯನಂತೆ ಕಣ್ಣು ಮುಚ್ಚುವ ಲಾಸಲಗಾಂವದ ಈರುಳ್ಳಿ ದಲಾಲ. ಫೋನಿನಲ್ಲಿ ಭಾಲ್ಕಿಯ ಕನ್ನಡದಲ್ಲಿ ಕ್ಷೇಮಸಮಾಚಾರ ಶುರುಮಾಡಿ ಮರಾಠಿಯಲ್ಲಿ ಜಗಳ ಮುಗಿಸುವ ನನ್ನವ್ವ. ಹೊಸಬರು ಯಾರೂ ಸಿಗದ ದಿನ ನನ್ನನ್ನೇ ಮಾಡಿಕೊಳ್ಳುತ್ತೇನೆ: ಇಪ್ಪತ್ತನಾಲ್ಕು ವರ್ಷದ ಒಣಕಲು ದೇಹ, ಚಿಮಟ ಕೈಯಲ್ಲಿದ್ದರೂ ಎಡೆಬಿಡದೆ ಓಡುವ ಬಾಯಿ. ಮಾವ ಕೆಲಸದಲ್ಲಿ ಉಸಿರು ಬಿಡುವುದಿಲ್ಲ, ನಾನು ಮಾತು ಬಿಡುವುದಿಲ್ಲ. ಇಬ್ಬರೂ ಒಂದೇ ಮೇಜಿನ ಎರಡು ತುದಿಯಲ್ಲಿ ಆರು ವರ್ಷದಿಂದ ಕೂತಿದ್ದೇವೆ.

ಮಾವನಿಗೆ ಕ್ಯಾಂಪಿನಲ್ಲಿ ಹೆಸರಿರುವುದು ಒಂದೇ ಕೆಲಸಕ್ಕೆ. ಕೀಲಿ ಗಡಿಯಾರದ ಎದೆಯಲ್ಲಿ ಒಂದು ಚಕ್ರ ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಅದನ್ನು ತೂಗಿಸುವುದು ಕೂದಲಿಗಿಂತ ತೆಳ್ಳಗಿನ ಸುರುಳಿ, ಹೇರ್‌ಸ್ಪ್ರಿಂಗ್. ಅದು ಒಂದೆಳೆ ಸೊಟ್ಟಗಾದರೂ ಕಾಲವೇ ಸೊಟ್ಟ. ಮಾವ ಆ ಉಕ್ಕಿನ ಸುರುಳಿಯನ್ನು ಚಿಮಟದ ತುದಿಯಿಂದ ಒತ್ತಿ, ಎಳೆದು, ಬಾಗಿಸಿ ಸರಿಮಾಡುತ್ತಾರೆ. "ಮೂವತ್ತು ವರ್ಷದ ಮ್ಯಾಲಾತು, ಒಂದ್ ಸ್ಪ್ರಿಂಗ್ ಮುರಿದಿಲ್ಲ" ಎಂಬುದು ಅವರ ದಿನದ ಮಂತ್ರ. ಇಷ್ಟಲಿಂಗ ಪೂಜೆಯಾದ ಮೇಲೆ ಎರಡನೆಯದು.

ಅದೂ ಎಂಥ ಜಾಗದಲ್ಲಿ! ಆಚೆ ಬಯಲಿನಲ್ಲಿ ಫೌಜಿನವರು ತೋಪು ಹಾರಿಸಿದರೆ ನಮ್ಮ ಅಂಗಡಿಯ ಗಾಜು ಗಡಗಡ ಅನ್ನುತ್ತದೆ. ಕ್ಯಾಂಪಿನಲ್ಲಿ ಏನು ಕೆಟ್ಟರೂ ತೋಪಿನ ಮೇಲೆಯೇ ಹಾಕುತ್ತಾರೆ. ಕಪ್ಪು ಒಡೆದರೆ ತೋಪು, ಹಾಲು ಉಕ್ಕಿದರೆ ತೋಪು, ಮಗ ಗಣಿತದಲ್ಲಿ ಫೇಲಾದರೂ ಓದುವಾಗ ತೋಪು ಹಾರಿತು. ಮಾವನಿಗೆ ಮಾತ್ರ ಫೈರಿಂಗಿನ ದಿನ, ಹೊತ್ತು ಬಾಯಿಪಾಠ. ಸದ್ದು ಬರುವ ಹೊತ್ತಿಗೆ ಚಿಮಟ ಮೇಲೆತ್ತಿರುತ್ತಾರೆ.

ಆ ತೋಪುಗಳನ್ನು ಒಂದು ಕಾಲಕ್ಕೆ ಹಾರಿಸಿದ್ದ ನಿವೃತ್ತ ಸುಬೇದಾರರೇ ನಮ್ಮ ತಲೆನೋವಿನ ಮೂಲ. ಕಲಬುರಗಿ ಕಡೆಯವರು, ಇಲ್ಲೇ ಮನೆ ಕಟ್ಟಿಕೊಂಡಿದ್ದಾರೆ, ಕನ್ನಡ ಆಡಲಿಕ್ಕೆಂದು ದಿನಾ ನಮ್ಮ ಸ್ಟೂಲಿನ ಮೇಲೆ ಎರಡು ತಾಸು ಕೂಡುತ್ತಾರೆ. ಮಗಳು ಕೊಡಿಸಿದ ಹೊಸ ಕೀಲಿ ಗಡಿಯಾರವನ್ನು ಕಳೆದ ಚಳಿಗಾಲದಲ್ಲಿ ಒಂದು ದಿನ ಬಿಚ್ಚಿ ಮೇಜಿನ ಮೇಲಿಟ್ಟರು.

"ಮಾಸ್ತರ್, ಇದು ದಿನಾ ಹನ್ನೊಂದು ಸೆಕೆಂಡ್ ಮುಂದ ಓಡ್ಲತ್ತದ."

"ಸಾಹೇಬ್ರ, ಹನ್ನೊಂದು ಸೆಕೆಂಡಿಗ್ಯಾಕ ಇಷ್ಟು..." ಎಂದರು ಮಾವ.

"ತೋಪಿನ್ಯಾಗ ಒಂದು ಸೆಕೆಂಡ್ ಅಂದ್ರ ಏನು ಗೊತ್ತದ ಏನ್ರಿ? ಗೋಲಾ ಗುಡ್ಡದ ಮ್ಯಾಲ ಬೀಳೂದು ಹಳ್ಳ್ಯಾಗ ಬೀಳ್ತದ!"

ಎರಡು ತಾಸು ಹರಟೆ ಹೊಡೆಯಲು ಬಂದ ಮನುಷ್ಯ ಹನ್ನೊಂದು ಸೆಕೆಂಡಿಗಾಗಿ ಹೀಗೆ ಕೂಗಾಡಿದ್ದನ್ನು ನಾನು ಅಂದೇ ಸಂಜೆ ಮನೆಯಲ್ಲಿ ಮಾಡಿ ತೋರಿಸಿದೆ.

ಮಾವನ ತೀರ್ಪು ಸಿದ್ಧವಾಗಿತ್ತು: ಅಯಸ್ಕಾಂತ ಬಡಿದಿದೆ. ಉಕ್ಕಿನ ಸುರುಳಿಗೆ ಅಯಸ್ಕಾಂತ ತಗುಲಿದರೆ ಸುತ್ತುಗಳು ಅಂಟಿಕೊಂಡು ಗಡಿಯಾರ ಮುಂದೋಡುತ್ತದೆ. ಅದನ್ನು ಇಳಿಸುವ ನೀಲಿ ಡಬ್ಬಿ ನಮ್ಮಲ್ಲಿದೆ. ಮಾವ ಮೂರು ಸಲ ಇಳಿಸಿದರು. ಮರುದಿನ ಹನ್ನೊಂದು ಸೆಕೆಂಡು. ಇನ್ನೂ ಮೂರು ಸಲ. ಮತ್ತೆ ಹನ್ನೊಂದು. ನಾನು ಫೋನಿನಲ್ಲಿ ಆ ಗಡಿಯಾರದ ಮಾದರಿ ಹುಡುಕಿ ಹೇಳಿದೆ: "ಮಾಮಾ, ಇದರ ಸ್ಪ್ರಿಂಗ್ ಉಕ್ಕಿಂದಲ್ಲ. ಸಿಲಿಕಾನ್. ಅಯಸ್ಕಾಂತ ಇದಕ್ಕ ಹತ್ತೂದೇ ಇಲ್ಲ."

"ಸಿಲಿಕಾನ್ ಅಂದ್ರ?"

"ಉಸುಕಿನ್ಯಾಗಿಂದ ತೆಗೀತಾರಂತ."

"ಉಸುಕು ಕಾಲ ತೋರಿಸ್ತದೇನೋ? ಹುಚ್ಚಪ್ಪ." ಏಳನೆಯ ಸಲ ಡಬ್ಬಿಗೆ ಹಾಕಿದರು. ನಾನು ಹಣೆ ಚಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ಮಾವ ಹಿಂಬದಿ ಬಿಚ್ಚಿ ಕಣ್ಣಿಗೆ ಭೂತಗಾಜು ಏರಿಸಿದರು. ಬದನೆಕಾಯಿ ಸಿಪ್ಪೆಯ ಬಣ್ಣದ ಸುರುಳಿಯೊಂದು ಒಳಗೆ ಮಿಂಚುತ್ತ ಉಸಿರಾಡುತ್ತಿತ್ತು. ವೇಗ ಹೆಚ್ಚು ಕಡಿಮೆ ಮಾಡಲು ಇರಬೇಕಾದ ಪುಟ್ಟ ಕಡ್ಡಿಯೇ ಇಲ್ಲ. ಮಾವ ಕಡ್ಡಿ ಹುಡುಕಿದರು, ಉಸಿರು ಹಿಡಿದರು, ಚಿಮಟ ಹತ್ತಿರ ಒಯ್ದರು. ಆಮೇಲೆ ಆರು ವರ್ಷದಲ್ಲಿ ನಾನು ಕಾಣದ್ದನ್ನು ಮಾಡಿದರು: ಚಿಮಟ ಕೆಳಗಿಟ್ಟರು.

"ಇದು ನನ್ನ ಸಾಮಾನಲ್ಲ. ಕಂಪನಿಗಿ ಕಳಸೋಣು. ನೀ ಮುಟ್ಟಬ್ಯಾಡ." ಗಡಿಯಾರದ ಮೇಲೆ ಗಾಜಿನ ಗುಮ್ಮಟ ಬೋರಲು ಹಾಕಿ ಚಹಾ ಕುಡಿಯಲು ಹೋದರು.

ಪಕ್ಕದ ಮೊಬೈಲ್ ಕವರಿನವನು ಬಂದ. "ಮಾಮಾ ಕರ್ ನಾ, ಮಾಮಾ" ಎಂದ. ಮಾವನನ್ನು ಮಾಡಿ ತೋರಿಸು ಅಂತ. ಕಲಾವಿದನಿಗೆ ಸಾಮಗ್ರಿಯಿಲ್ಲದೆ ಕಲೆ ಹೇಗೆ? ಭೂತಗಾಜು ಏರಿಸಿದೆ, ಗುಮ್ಮಟ ತೆಗೆದೆ, ಚಿಮಟ ಹಿಡಿದೆ. ಕೆನ್ನೆ ಉಬ್ಬಿಸಿದೆ. ಅವನು ಹೊಟ್ಟೆ ಹಿಡಿದು ನಗತೊಡಗಿದ. ನಕ್ಕರೆ ನಾನು ನಿಲ್ಲುವ ಜಾತಿಯಲ್ಲ. "ಮೂವತ್ತು ವರ್ಷದ ಮ್ಯಾಲಾತು..." ಎಂದು ಮಾವನ ದನಿಯಲ್ಲಿ ಶುರುಮಾಡಿದೆ. ಮಾತಿನ ಜೊತೆ ಕೈ ತಾನಾಗಿ ಇಳಿಯಿತು. ಆರು ವರ್ಷ ನೋಡಿ ನೋಡಿ ಕಲಿತ ಕೈ, ಮಾವ ಎಲ್ಲಿ ಒತ್ತುತ್ತಾರೋ ಸರಿಯಾಗಿ ಅಲ್ಲೇ, ಎಷ್ಟು ಒತ್ತುತ್ತಾರೋ ಅಷ್ಟೇ ಒತ್ತಿತು. ಉಕ್ಕಾಗಿದ್ದರೆ ಸೊಗಸಾಗಿ ಬಾಗುತ್ತಿತ್ತು.

ಸದ್ದೇ ಆಗಲಿಲ್ಲ. ಸುರುಳಿಯಿದ್ದಲ್ಲಿ ಮೂರು ತುಂಡು ಇದ್ದವು. ಕವರಿನವನು ಇನ್ನೂ ನಗುತ್ತಲೇ ಇದ್ದ.

ಮಾವ ಬಂದಾಗ ನನ್ನ ಬಾಯಿಂದ ಬಂದದ್ದು ಕ್ಯಾಂಪಿನ ಹಳೆಯ ಸುಳ್ಳು. "ಮಾಮಾ, ಗುಮ್ಮಟ ಒರಸ್ಲಿಕ್ಕಿ ತೆಗೆದಿದ್ದೆ. ತೋಪು ಹಾರಿತು. ಕೈ ನಡುಗಿತು."

ಮಾವ ಗಡಿಯಾರ ನೋಡಿದರು. ನನ್ನ ಹಣೆಯ ಮೇಲಿನ್ನೂ ಇದ್ದ ಭೂತಗಾಜು ನೋಡಿದರು. "ಇವತ್ತು ಆಯ್ತವಾರ ಅದ," ಎಂದರು. "ಆಯ್ತವಾರ ತೋಪಿಗಿ ಸೂಟಿ." ಅಷ್ಟೇ. ಬೈದಿದ್ದರೆ ಸಂಜೆಗೆ ಅದನ್ನೂ ಅಣಕಿಸಿ ಹಗುರಾಗುತ್ತಿದ್ದೆ. ಈ ಮನುಷ್ಯ ಅಷ್ಟು ಅನುಕೂಲವನ್ನೂ ಮಾಡಿಕೊಡಲಿಲ್ಲ.

ಸೋಮವಾರ ಕಂಪನಿಯ ಸರ್ವಿಸ್ ಸೆಂಟರ್ ಇರುವ ಸಂಭಾಜಿನಗರಕ್ಕೆ ಹೊರಟೆವು. ಕೊರಿಯರ್ ಇದೆಯಲ್ಲ ಎಂದರೆ ಮಾವ ಕೇಳಲಿಲ್ಲ, ಗಡಿಯಾರವನ್ನು ತೊಟ್ಟಿಲ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ನಾಲ್ಕು ತಾಸು ಕೂತರು. ಟಿಕೆಟ್ ತೆಗೆಯುವಾಗ "ಎರಡು ಔರಂಗಾಬಾದ್" ಎಂದರು, ಕಂಡಕ್ಟರ್ "ಸಂಭಾಜಿನಗರ್, ಕಾಕಾ!" ಎಂದು ತಿದ್ದಿದ. "ಅದೇ, ಅದೇ" ಎಂದವರು ಯೇವಲಾ ದಾಟಿದ ಮೇಲೆ ಪಕ್ಕದವನಿಗೆ ಮತ್ತೆ ಹಳೆಯ ಹೆಸರನ್ನೇ ಹೇಳಿದರು. ವೈಜಾಪುರದ ಹತ್ತಿರ ಬಾಯಿ ಬಿಟ್ಟರು.

"ಯಾರು ಮುರಿದ್ರು ಅಂತ ಕೇಳಿದ್ರ, ನಾ ಅಂತೀನಿ."

"ಯಾಕ್ರಿ ಮಾಮಾ? ಮುರಿದಾಂವ ನಾ."

"ನಾ ಮುರಿದ್ರ, ಮುದುಕ, ಹೊಸ ಸಾಮಾನು ತಿಳೀಲಿಲ್ಲ ಅಂತಾರ. ಎರಡು ದಿನಕ್ಕ ಮರೀತಾರ. ನೀ ಮುರಿದಿ ಅಂದ್ರ ಕ್ಯಾಂಪಿನ್ಯಾಗ ಒಬ್ಬರೂ ನಿನ್ನ ಕೈಯಾಗ ಗಡಿಯಾರ ಕೊಡಂಗಿಲ್ಲ. ನಾ ಹೋದ ಮ್ಯಾಲ ಆ ಮೇಜಿನ ಮ್ಯಾಲ ಏನು ಮಾಡ್ತಿ, ಮೊಬೈಲ್ ಕವರ್ ಮಾರ್ತಿಯೇನು?"

"ಮತ್ತ ನಿಮ್ಮ ಮೂವತ್ತು ವರ್ಷದ್ದು?"

"ಇನ್ನ ಮ್ಯಾಲ ಹೇಳಂಗಿಲ್ಲ, ಮುಗೀತು. ನೀ ಬಾಯಿ ಮುಚ್ಚು."

ಹೀಗೆ ದೊಡ್ಡತನ ಮಾಡುವವರ ಪಕ್ಕ ಬಸ್ಸಿನಲ್ಲಿ ಕೂರುವುದು ಎಷ್ಟು ಹಿಂಸೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಕಿಟಕಿಯ ಸೀಟನ್ನೂ ನನಗೇ ಬಿಟ್ಟಿದ್ದರು.

ಸರ್ವಿಸ್ ಸೆಂಟರಿನ ಮೇಡಂಗೆ ನನ್ನಷ್ಟೇ ವಯಸ್ಸು ಇದ್ದೀತು. ಬಿಳಿ ಕೋಟು, ಬೆರಳಿಗೆ ರಬ್ಬರ್ ಟೊಪ್ಪಿಗೆ. ಮೈಕ್ರೋಸ್ಕೋಪಿನಲ್ಲಿ ನೋಡಿ, "ಕಾಕಾ, ಹೇ ವಾಕತ್ ನಾಹೀ" ಎಂದರು. ಇದು ಬಾಗುವುದಿಲ್ಲ. ಒತ್ತಿದರೆ ಪೂರ್ತಿ ಹಿಂದಕ್ಕೆ ಚಿಮ್ಮುತ್ತದೆ, ಮಿತಿ ಮೀರಿದರೆ ಗಾಜಿನಂತೆ ತುಂಡಾಗುತ್ತದೆ. ಉಕ್ಕಿನ ಹಾಗೆ ಸೊಟ್ಟಗಾಗಿ ಉಳಿಯುವ ಅಭ್ಯಾಸ ಇದಕ್ಕಿಲ್ಲ. ಮಾವ ಎದೆಯುಬ್ಬಿಸಿ, ಇದು ತಮ್ಮ ಕೈಯಿಂದಲೇ ಆದದ್ದು ಎಂದು ಮರಾಠಿಯಲ್ಲಿ ಒಪ್ಪಿಕೊಂಡರು. ಸುಳ್ಳು ಹೇಳುವಾಗಲೂ ಉಸಿರು ಹಿಡಿಯುತ್ತಾರೆ ಎಂಬುದು ನನಗೆ ಅಂದು ತಿಳಿಯಿತು.

ಮೇಡಂ ಹೊಸ ಸುರುಳಿಯನ್ನು ಚಕ್ರದ ಸಮೇತ ಕಂಪನಿಯಿಂದ ತರಿಸಿ ಹಾಕುವುದಾಗಿ ಹೇಳಿದರು, ಮೂರು ವಾರ. ಅಲ್ಲಿಗೆ ಎದ್ದು ಬರಬಹುದಿತ್ತು. ಮಾವ ಏಳಲಿಲ್ಲ. ಇದನ್ನು ಹೇಗೆ ಮಾಡುತ್ತಾರೆ ಎಂದು ಕೇಳಿದರು. ತಟ್ಟೆಯಂಥ ಸಿಲಿಕಾನ್ ಬಿಲ್ಲೆಯ ಮೇಲೆ ಕೊರೆದು ನೂರಾರು ಸುರುಳಿಗಳನ್ನು ಒಮ್ಮೆಗೇ ಬಿಡಿಸುತ್ತಾರೆ, ಎಲ್ಲವೂ ಒಂದೇ ಪಡಿಯಚ್ಚು, ಕೊನೆಯ ಬಾಗು ಕೂಡ ಮೊದಲೇ ಅದರಲ್ಲಿರುತ್ತದೆ ಎಂದರು. ಮೇಲೊಂದು ತೆಳು ಪದರ ಬೆಳೆಸುತ್ತಾರೆ, ಬದನೆ ಬಣ್ಣ ಅದರದ್ದು. ಹಾಗಾಗಿ ನಾಶಿಕದ ಚಳಿಯೂ ಇಲ್ಲಿನ ಬಿಸಿಲೂ ಅದರ ನಡಿಗೆ ಕೆಡಿಸುವುದಿಲ್ಲ. ಮತ್ತೆ ಆ ಹನ್ನೊಂದು ಸೆಕೆಂಡು? ಚಕ್ರದ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ತೂಕಗಳಿವೆ, ಅವುಗಳನ್ನು ಕಂಪನಿಯ ಕೀಲಿಯಿಂದ ಎಳ್ಳಷ್ಟು ತಿರುಗಿಸಿದ್ದರೆ ಸಾಕಿತ್ತು. ಐದು ನಿಮಿಷದ ಕೆಲಸ.

ಐದು ನಿಮಿಷ! ನಾನು ಗೋಡೆಗೆ ತಲೆ ಒರಗಿಸಿದೆ.

"ಹಂಗಾದ್ರ ಮೇಡಂ, ಸುರುಳಿ ಮುಂದ ಕೈಗಿ ಏನು ಕೆಲಸ ಉಳೀತು?" ಮಾವ ಕೇಳಿದರು.

ಮೇಡಂ ಯೋಚಿಸಿದರು. "ಮುಟ್ಟದೇ ಇರುವುದು, ಕಾಕಾ."

"ಅದೇ ದೊಡ್ಡ ಕೆಲಸ," ಎಂದು ಮಾವ ನನ್ನತ್ತ ನೋಡಿದರು. ಆಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಮೇಡಂ ತೋರಿಸಿದ ಬೇರೊಂದು ಗಡಿಯಾರದ ಜೀವಂತ ಸುರುಳಿಯನ್ನು ಅದೆಷ್ಟು ಹೊತ್ತು ನೋಡಿದರೆಂದರೆ ನಮ್ಮ ಬಸ್ಸು ಹೋಯಿತು. ಮುಂದಿನದು ತಾಸು ಬಿಟ್ಟು.

ಮೂರು ವಾರ ಸುಬೇದಾರರು ಉಕ್ಕಿನ ಸುರುಳಿಯ ಹಳೆಯ ಗಡಿಯಾರ ಕಟ್ಟಿಕೊಂಡು ಬಂದರು. ಅದು ದಿನಕ್ಕೆ ಎರಡು ನಿಮಿಷ ಹಿಂದೆ. ಹೊಸದರ ಬಗ್ಗೆ ಮಾವ "ಕಂಪನಿಗಿ ಕಳಸೀವಿ" ಎಂದಷ್ಟೇ ಹೇಳುತ್ತಿದ್ದರು. ಕೊನೆಗೆ ಅದು ಬಂತು. ಸುಬೇದಾರರು ಹಳೆಯದನ್ನು ಜೇಬಿಗಿಳಿಸಿ, ಇದನ್ನು ಮಣಿಕಟ್ಟಿಗೆ ಬಿಗಿದುಕೊಂಡು ಫೋನಿನ ಜೊತೆ ತಾಳೆ ನೋಡಿ ತೃಪ್ತರಾದರು. ಆಗ ಮಾವ ಹೇಳಿದರು: "ಸಾಹೇಬ್ರ, ಒಂದು ಮಾತು. ಒಳಗಿನ ಸ್ಪ್ರಿಂಗ್ ನನ್ನ ಕೈಲಿ ಮುರಿದಿತ್ತು. ಹೊಸಾದು ಹಾಕಿಸೀವಿ."

ಸುಬೇದಾರರು ಬಾಯಿ ತೆರೆದು ಮಾವನನ್ನು ನೋಡಿದರು, ಆಮೇಲೆ ತೊಡೆ ತಟ್ಟಿ ನಕ್ಕರು. "ಮಾಸ್ತರ್ ಸ್ಪ್ರಿಂಗ್ ಮುರಿದ್ರು! ಲೇ, ನೀ ನೋಡಿದೇನು? ಮಾಡಿ ತೋರಿಸು, ಹ್ಯಾಂಗ ಮುರಿದ್ರು!"

"ಬ್ಯಾಡ್ರಿ ಸಾಹೇಬ್ರ."

"ದಿನಾ ಕೇಳ್ದೇ ಮಾಡ್ತಿ, ಇವತ್ತು ನಖರಾ?"

ಮಾವ ಕಣ್ಣಲ್ಲೇ ಅಪ್ಪಣೆ ಕೊಟ್ಟರು: ಮಾಡಿ ಮುಗಿಸು. ಭೂತಗಾಜು ಏರಿಸಿದೆ. ಕೆನ್ನೆ ಉಬ್ಬಿಸಿದೆ, ಹುಬ್ಬು ಏರಿಸಿದೆ. ಅಲ್ಲಿಂದ ಮುಂದೆ ದಾರಿಯೇ ಇರಲಿಲ್ಲ. ಮಾವ ಸುರುಳಿ ಮುರಿಯುವುದನ್ನು ನಾನು ಕಂಡೇ ಇಲ್ಲ, ಕಾಣದ್ದನ್ನು ಮಾಡಲು ನನಗೆ ಬರುವುದಿಲ್ಲ. ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು, ಬಾಯಿಯೂ ಅದರ ಹಿಂದೆ ಹೋಯಿತು: "ಮೂವತ್ತು ವರ್ಷದ ಮ್ಯಾಲಾತು, ಒಂದ್ ಸ್ಪ್ರಿಂಗ್..." ಚಿಮಟ ಇಳಿಯಿತು. ನಿಂತಿತು.

ಸುಬೇದಾರರ ನಗು ಸಣ್ಣಗಾಯಿತು. "ಮಾಸ್ತರ್ ಕೆಲಸ ಮಾಡುವಾಗ ಮಾತಾಡಲ್ಲ," ಎಂದರು. "ಎಷ್ಟು ವರ್ಷದಿಂದ ನೋಡ್ಲತ್ತೀನಿ. ಉಸುರು ಸುದ್ದಾ ಬಿಡಲ್ಲ. ಇಲ್ಲಿ ಮಾತಾಡಾಂವ ಒಬ್ಬನೇ ಇದ್ದಾನ."

"ನಾನೇ ಸಾಹೇಬ್ರ," ಎಂದೆ. "ಹಿಂಗೇ ಆಟ ಮಾಡ್ಲಿಕ್ಕಿ ಹೋಗಿ ನಾನೇ ಮುರಿದೆ. ಮಾಮಾ ಮುಟ್ಟೇ ಇಲ್ಲ."

ಮಾವ ಕುರ್ಚಿಗೆ ಒರಗಿ ಛಾವಣಿ ನೋಡಿದರು. "ಮಂಗ್ಯಾ! ನಾಕು ತಾಸು ಬಸ್ಸಿನ್ಯಾಗ ಕೂತು ಕಟ್ಟಿದ ಸುಳ್ಳು. ಒಂದ್ ನಿಮಿಷದಾಗ ಹಾಳು ಮಾಡಿದಿ."

ಸುಬೇದಾರರು ಜೇಬಿನಿಂದ ಹಳೆಯ ಉಕ್ಕಿನ ಗಡಿಯಾರ ತೆಗೆದು ಮಾವನ ಮುಂದೆ ಚಾಚಿದರು. "ಇದರದ್ದು ನೀವು ನೋಡ್ರಿ, ಎರಡು ನಿಮಿಷ ಹಿಂದ ಅದ."

ಮಾವ ಕೈ ಚಾಚಲಿಲ್ಲ. ಭೂತಗಾಜನ್ನು ನನ್ನ ಹಣೆಯಿಂದ ಕಿತ್ತುಕೊಂಡು, ಅಂಗಿಯ ತುದಿಯಿಂದ ಒರೆಸತೊಡಗಿದರು. ಒಂದು ಕಡೆ ಒರೆಸಿದರು. ತಿರುಗಿಸಿ ಇನ್ನೊಂದು ಕಡೆ ಒರೆಸಿದರು. ಮತ್ತೆ ಮೊದಲಿನ ಕಡೆಯಿಂದ. ಸುಬೇದಾರರ ಕೈ ಗಾಳಿಯಲ್ಲೇ ಇತ್ತು. ಈ ಇಬ್ಬರು ಹಟಮಾರಿಗಳ ನಡುವೆ ನಾನು ಮುದುಕನಾಗುತ್ತೇನೆ ಅನ್ನಿಸುವಷ್ಟು ಹೊತ್ತಾದ ಮೇಲೆ ಗಡಿಯಾರ ಮೇಜಿನ ನನ್ನ ತುದಿಯ ಮೇಲೆ ಟಕ್ಕೆಂದು ಕೂತಿತು.

"ಬಾಯಿ ಮುಚ್ಚಿ ಮಾಡು," ಎಂದರು ಸುಬೇದಾರರು.

ಮಾವ ಒರೆಸಿದ ಭೂತಗಾಜನ್ನು ನನ್ನ ಕಡೆ ನೂಕಿದರು. ಹಿಂಬದಿ ಬಿಚ್ಚಿದೆ. ಸುರುಳಿಯ ಹೊರಸುತ್ತು ಒಂದು ಕಡೆ ಸೊಟ್ಟಗಿತ್ತು. ಚಿಮಟ ಇನ್ನೇನು ಇಳಿಸಬೇಕು, ಮಾವ ಮೇಜನ್ನು ಬೆರಳಿಂದ ತಟ್ಟಿದರು. ಕೈ ಮೇಲೆತ್ತಿದೆ. ಆಚೆ ಬಯಲಿನಲ್ಲಿ ತೋಪು ಹಾರಿತು, ಅಂಗಡಿಯ ಗಾಜು ಗಡಗಡ ಅಂದಿತು.

ಸುಬೇದಾರರು ಹೊಸ ಗಡಿಯಾರ ನೋಡಿಕೊಂಡರು. "ಈಗಿನ ಹುಡುಗರು," ಎಂದು ಗೊಣಗಿದರು. "ನಾಕು ಸೆಕೆಂಡ್ ತಡಾ ಮಾಡಿದ್ರು."

ಇದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿತ್ತು. ಹೇಳಲು ಬಾಯಿ ತೆರೆದೆ. ಇಬ್ಬರೂ ಒಟ್ಟಿಗೆ ನನ್ನತ್ತ ನೋಡಿದರು. ಬಾಯಿ ಮುಚ್ಚಿದೆ, ಉಸಿರೂ ಮುಚ್ಚಿದೆ, ಚಿಮಟ ಇಳಿಸಿದೆ.